ಸಿಕ್ಕಾ ಹಿಡಿದ ಕೈ: ಓಬದ್ಯನೂ ಯೆಹೂದ್ಯರನ್ನು ಉಳಿಸಿದ ರಾಯಭಾರಿಗಳೂ

ಭಾನುವಾರದ ಆರಾಧನೆಯ ಸಂದೇಶ, ಶಿರಗುಪ್ಪಿ
ವಾಕ್ಯಭಾಗ: 1 ಅರಸುಗಳು 18:1-16

ಎಲ್ಲರೂ ಒಂದು ಸಲ ಹಲ್ಲೆಲೂಯಾ ಹೇಳೋಣ. ಸತ್ಯವೇದ ತೆಗೀರಿ, 1 ಅರಸುಗಳು 18ನೇ ಅಧ್ಯಾಯ. ಈ ಅಧ್ಯಾಯ ಅಂದ ಕೂಡಲೇ ಕರ್ಮೆಲ್ ಬೆಟ್ಟ ನೆನಪಾಗ್ತದ, ಮೇಲಿಂದ ಬಿದ್ದ ಬೆಂಕಿ ನೆನಪಾಗ್ತದ. ಆ ಬೆಂಕಿಯ ಮ್ಯಾಲೆ ನೀವು ಬಹಳ ಪ್ರಸಂಗ ಕೇಳೀರಿ. ಇವತ್ತು ಬೆಟ್ಟ ಹತ್ತೋದಿಲ್ಲ. ಬೆಂಕಿ ಬೀಳೋಕ್ಕಿಂತ ಮೊದಲು, ಮೂರನೇ ವಚನದಾಗ ಒಬ್ಬ ಸರ್ಕಾರಿ ಮನುಷ್ಯ ಬರ್ತಾನ. ಅವನ ಹತ್ರ ಸ್ವಲ್ಪ ಹೊತ್ತು ನಿಲ್ಲೋಣ. ಅವನ ಹೆಸರು ಓಬದ್ಯ.

ಓಬದ್ಯ ಅಹಾಬನ ಅರಮನೆಯ ಮೇಲ್ವಿಚಾರಕ. ಅಹಾಬ ಎಂಥಾ ಅರಸ ಅಂತ ನಿಮಗೆ ಗೊತ್ತು, ಅವನ ಹೆಂಡತಿ ಈಜೆಬೆಲ್ ಎಂಥಾಕೆ ಅಂತ ಇನ್ನೂ ಚೆನ್ನಾಗಿ ಗೊತ್ತು. ಆಕೆ ಕರ್ತನ ಪ್ರವಾದಿಗಳನ್ನು ಹುಡುಕಿ ಹುಡುಕಿ ಕೊಲ್ಲಿಸುತ್ತಿದ್ದಳು. ಆ ಮನೆಯ ಸಂಬಳ ತಿನ್ನುವ ಓಬದ್ಯ ನೂರು ಮಂದಿ ಪ್ರವಾದಿಗಳನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಅಡಗಿಸಿದ, ಅವರಿಗೆ ಅನ್ನನೀರು ಕೊಟ್ಟು ಸಾಕಿದ. ಇದು ಯಾವ ಕಾಲ ನೋಡ್ರಿ. ಬರಗಾಲ. ಅರಸನ ಕುದುರೆ, ಹೇಸರಗತ್ತೆಗಳಿಗೇ ಹುಲ್ಲಿಲ್ಲ, ಅರಸನೇ ಖುದ್ದು ಹುಲ್ಲು ಹುಡುಕಾಕ ಹೊರಟಾನ. ಅಂಥಾದ್ರಾಗ ನೂರು ಮಂದಿಗೆ ದಿನಾ ನೀರು. ಒಬ್ಬರಿಗೆ ದಿನಕ್ಕ ಒಂದು ತಂಬಿಗಿ ಅಂದ್ರೂ ನೂರು ತಂಬಿಗಿ. ಯಾವ ಬಾವಿಯಿಂದ ತಂದ, ಯಾರ ತಲೆಮ್ಯಾಲೆ ಹೊರಿಸಿದ, ಕೇಳಿದವರಿಗೆ ಏನು ಹೇಳಿದ? ಸತ್ಯವೇದ ಹೇಳೋದಿಲ್ಲ. ಆದರೆ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಅಧಿಕಾರ ಇದ್ದವನಿಗಷ್ಟೇ ಇದು ಸಾಧ್ಯ. ಎಲೀಯ ದೊಡ್ಡ ಪ್ರವಾದಿ, ಆದರೆ ಎಲೀಯನ ಕೈಯಾಗ ಉಗ್ರಾಣದ ಕೀಲಿಕೈ ಇರಲಿಲ್ಲ. ಓಬದ್ಯನ ಕೈಯಾಗ ಇತ್ತು.

ನಮ್ಮ ಸಭೆಯ ಒಬ್ಬ ಸಹೋದರರು, ನೌಕರಿಯಲ್ಲಿ ಇರುವವರು, ಪ್ರಾರ್ಥನೆ ಮುಗಿದ ಮೇಲೆ ನನ್ನನ್ನು ಕೇಳಿದರು: “ಪಾಸ್ಟರ್‌ರೀ, ರೋಮಾಪುರದವರಿಗೆ 13ನೇ ಅಧ್ಯಾಯದಾಗ ಅಧಿಕಾರಿಗಳಿಗೆ ಅಧೀನರಾಗಿರ್ರಿ ಅಂತ ಪೌಲ ಬರೆದಾನ. ಮೇಲಿನ ಸಾಹೇಬ್ರು ಹೇಳಿದಂಗ ನಾ ಸಹಿ ಮಾಡ್ತೀನಿ. ಅದರ ಲೆಕ್ಕ ದೇವರು ನನ್ನ ಕೇಳ್ತಾನೋ, ಸಾಹೇಬ್ರನ್ನ ಕೇಳ್ತಾನೋ?” ಬಹಳ ನೇರವಾದ ಪ್ರಶ್ನೆ. ಎರಡು ಮಾತಿನಾಗ ಉತ್ತರ ಕೊಡೋದು ಆಗಲಿಲ್ಲ. ಅದಕ್ಕೇ ಈ ಸಂದೇಶ.

ಇದೇ ಪ್ರಶ್ನೆಯನ್ನು ಎದುರಿಸಿದ ಕೆಲವರ ಬಗ್ಗೆ ಹೇಳ್ತೀನಿ. ಅವರು ಪ್ರವಾದಿಗಳಲ್ಲ, ಪಾಸ್ಟರುಗಳಲ್ಲ. ಪರದೇಶದಲ್ಲಿ ತಮ್ಮ ಸರ್ಕಾರದ ಪರವಾಗಿ ಕೂತು ವೀಸಾ ಕೊಡುವ ನೌಕರರು, ಕಾನ್ಸುಲ್ ಅಂತ ಕರೀತಾರ. ಅವರ ಮುಂದೆ ಒಂದು ಮೇಜು, ಒಂದು ಮಸಿ ಬಾಟಲಿ, ಒಂದು ಸಿಕ್ಕಾ.

ಎರಡನೇ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ಸರ್ಕಾರ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಿತು ಅಂತ ನಾವು ಕೇಳೀವಿ. ಇಷ್ಟು ಮಂದಿ ಓಡಿ ಹೋಗಬಾರದಾಗಿತ್ತೇನ್ರಿ ಅಂತ ಕೆಲವರು ಕೇಳ್ತಾರ. ಓಡಿ ಎಲ್ಲಿಗೆ ಹೋಗಬೇಕು? 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಎಂಬ ಊರಲ್ಲಿ 32 ದೇಶಗಳು ಇದಕ್ಕೇ ಸಭೆ ಸೇರಿದವು. ಹೆಚ್ಚಿನ ದೇಶಗಳು ಎದ್ದು ನಿಂತು ಅಯ್ಯೋ ಪಾಪ ಅಂದವು, ಬಾಗಿಲು ಮಾತ್ರ ತೆಗೆಯಲಿಲ್ಲ. ಬಾಗಿಲು ಅಂದ್ರೆ ಏನು? ಪಾಸ್‌ಪೋರ್ಟಿನ ಒಂದು ಹಾಳೆ, ಅದರ ಮೇಲೆ ಒಂದು ಸಿಕ್ಕಾ. ಅದು ಇದ್ದವನು ಹಡಗು ಹತ್ತಿದ, ಇಲ್ಲದವನು ಗಡಿಯಲ್ಲಿ ನಿಂತ.

1940ರ ಜುಲೈ. ಲಿಥುವೇನಿಯಾ ಎಂಬ ಚಿಕ್ಕ ದೇಶ, ಕೌನಾಸ್ ಪಟ್ಟಣ. ಜರ್ಮನಿ ಪೋಲೆಂಡಿನೊಳಗೆ ನುಗ್ಗಿದಾಗ ಅಲ್ಲಿಂದ ತಪ್ಪಿಸಿಕೊಂಡು ಬಂದ ಯೆಹೂದ್ಯರು ಈ ಪಟ್ಟಣದಲ್ಲಿ ತುಂಬಿದ್ದರು. ಅಷ್ಟರಲ್ಲಿ ಸೋವಿಯತ್ ರಷ್ಯಾ ಲಿಥುವೇನಿಯಾವನ್ನೂ ಹಿಡಿದು, ಎಲ್ಲ ಪರದೇಶಿ ಕಚೇರಿಗಳು ಮುಚ್ಚಿಕೊಂಡು ಹೋಗಬೇಕು ಅಂತ ಆಜ್ಞೆ ಮಾಡಿತು. ಉಳಿದಿದ್ದ ದಾರಿ ಒಂದೇ: ರಷ್ಯಾ ದಾಟಿ, ಜಪಾನ್ ದಾಟಿ, ಬೇರೆ ಎಲ್ಲಿಗಾದರೂ. ಅದಕ್ಕೆ ಎರಡು ಕಾಗದ ಬೇಕು. ಕೊನೆಗೆ ಸೇರುವ ಊರು ಯಾವುದು ಅಂತ ಒಂದು ಕಾಗದ, ನಡುವೆ ಜಪಾನ್ ದಾಟಲು ಇನ್ನೊಂದು.

ಮೊದಲ ಕಾಗದ ಕೊಟ್ಟವರು ಯಾನ್ ಜ್ವಾರ್ಟೆಂಡೈಕ್. ಇವರು ಕಾಯಂ ರಾಯಭಾರಿಯೂ ಅಲ್ಲ. ನಿಮ್ಮ ಮನ್ಯಾಗ ಫಿಲಿಪ್ಸ್ ಬಲ್ಬ್ ಐತಲ್ಲ, ಆ ಕಂಪನಿಯ ಲಿಥುವೇನಿಯಾ ಶಾಖೆಯ ಮುಖ್ಯಸ್ಥರು. ನೆದರ್‌ಲ್ಯಾಂಡ್ಸ್ ಸರ್ಕಾರ ಆಗಷ್ಟೇ ಅವರಿಗೆ ಗೌರವ ಕಾನ್ಸುಲ್ ಅಂತ ಹೆಚ್ಚಿನ ಹೊಣೆ ಕೊಟ್ಟಿತ್ತು. ಅಮೆರಿಕದ ಕಡೆ ಸಮುದ್ರದಲ್ಲಿ ಕುರಸಾವ್ ಅಂತ ಡಚ್ಚರ ಒಂದು ದ್ವೀಪ. ಅಲ್ಲಿಗೆ ಹೋಗಲು ವೀಸಾ ಬೇಕಿಲ್ಲ, ಆದರೆ ಗವರ್ನರ್ ಒಪ್ಪಿಗೆ ಬೇಕು ಅನ್ನೋದು ನಿಯಮ. ಇವರು ಏನು ಮಾಡಿದರು? ಮೊದಲ ಅರ್ಧ ವಾಕ್ಯ ಬರೆದರು, ಎರಡನೇ ಅರ್ಧ ಬಿಟ್ಟರು. ಅಷ್ಟೇ! ಆ ಅರ್ಧ ವಾಕ್ಯ 2,200ಕ್ಕಿಂತ ಹೆಚ್ಚು ಕಾಗದಗಳ ಮೇಲೆ ಬಿತ್ತು. ಕುರಸಾವ್ ದ್ವೀಪಕ್ಕೆ ಕಡೆಗೂ ಯಾರೂ ಹೋಗಬೇಕಾಗಿರಲಿಲ್ಲ, ಹೊರಡಲು ಒಂದು ಹೆಸರು ಬೇಕಾಗಿತ್ತು.

ಎರಡನೇ ಕಾಗದ ಜಪಾನಿನ ಉಪ ಕಾನ್ಸುಲ್ ಚಿಯುನೆ ಸುಗಿಹಾರ ಅವರ ಕೈಯಲ್ಲಿತ್ತು. ಒಂದು ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದರೆ ಮನೆಯ ಗೇಟಿನ ಹೊರಗೆ ಜನ ನಿಂತಾರ. ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಮುದುಕರು. ಸುಗಿಹಾರ ತಮ್ಮ ಸರ್ಕಾರಕ್ಕೆ ತಂತಿ ಕಳಿಸಿದರು, ಇವರಿಗೆ ವೀಸಾ ಕೊಡಲೇ ಅಂತ. ಕಾಗದಪತ್ರ ಪೂರ್ತಿ ಇಲ್ಲದವರಿಗೆ ಬೇಡ ಅಂತ ಉತ್ತರ ಬಂತು. ಮತ್ತೆ ಕೇಳಿದರು, ಬೇಡ. ಮೂರನೇ ಸಲ ಕೇಳಿದರು, ಬೇಡ. ಇಲ್ಲೊಂದು ಮಾತು ಗಮನಿಸ್ರಿ. ಅವರು ಮೊದಲು ಕೇಳಿದರು. ಮೂರು ಸಲ ಕೇಳಿದರು. ಮೇಲಿನವರನ್ನು ಗೌರವಿಸುವ ಮನುಷ್ಯ ಆತ. ನಿಯಮ ಮುರಿಯಬೇಕು ಅಂತ ಹಟ ಹಿಡಿದು ಹೊರಟವರಲ್ಲ. ಆಮೇಲೆ ಹೆಂಡತಿ ಯುಕಿಕೊ ಅವರ ಕೂಡ ಮಾತಾಡಿದರು. ಮನೆಯಲ್ಲಿ ಮೂರು ಸಣ್ಣ ಗಂಡುಮಕ್ಕಳು, ನೌಕರಿ ಹೋದ್ರೆ ಮುಂದೇನು? ಆ ತಾಯಿ ಬೇಡ ಅನ್ನಲಿಲ್ಲ. ಅಕ್ಕಂದಿರೇ, ಇದು ನಿಮಗ. ಗಂಡ ಒಳ್ಳೇದು ಮಾಡಾಕ ಹೊರಟಾಗ ಮನ್ಯಾಗ ಒಂದು ಮಾತು ಅಡ್ಡ ಬಂದರೂ ಸಾಕು, ಅದು ನಿಂತು ಹೋಗ್ತದ.

ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಅವರು ಬರೆದರು. ಈಗಿನಂಗ ಪ್ರಿಂಟರ್ ಇಲ್ಲ, ಜಪಾನಿ ಅಕ್ಷರದಲ್ಲಿ ಕೈಯಿಂದ ಬರೀಬೇಕು. ಬರೆದು ಬರೆದು ಕೈ ಸೆಟೆದು ಹೋಗ್ತಿತ್ತು, ರಾತ್ರಿ ಹೆಂಡತಿ ತಿಕ್ಕಿ ಹದ ಮಾಡ್ತಿದ್ದರು. ಅವರೇ ಇಟ್ಟ ಪಟ್ಟಿಯಲ್ಲಿ 2,100ಕ್ಕೂ ಹೆಚ್ಚು ಹೆಸರುಗಳಿವೆ. ಒಂದು ವೀಸಾದ ಮೇಲೆ ಹೆಂಡತಿ ಮಕ್ಕಳೂ ಹೋದದ್ದರಿಂದ ಉಳಿದ ಜೀವಗಳು ಅದಕ್ಕಿಂತ ಬಹಳ ಹೆಚ್ಚು. ಕಚೇರಿ ಮುಚ್ಚಿದ ಮೇಲೆ ಹೋಟೆಲಿನಲ್ಲಿ ಬರೆದರು, ರೈಲು ಹತ್ತಿದ ಮೇಲೂ ಕಿಟಕಿಯಿಂದ ಬರೆದು ಕೊಟ್ಟರು. ಜರ್ಮನ್ ಸೈನ್ಯ ಲಿಥುವೇನಿಯಾಕ್ಕೆ ಬಂದದ್ದು 1941ರ ಜೂನ್ 22ಕ್ಕೆ. ಅಂದ್ರೆ ಹತ್ತು ತಿಂಗಳೂ ಇರಲಿಲ್ಲ. ಅಲ್ಲಿ ಉಳಿದ ಯೆಹೂದ್ಯರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಸತ್ತರು.

ಇನ್ನೊಬ್ಬರು ಪೋರ್ಚುಗಲ್ ದೇಶದವರು. ನಮಗ ಪೋರ್ಚುಗೀಸ್ ಸರ್ಕಾರ ಅಂದ್ರೆ ದೂರದ್ದಲ್ಲ. ನಮ್ಮ ಬೆಳಗಾವಿ ಜಿಲ್ಲೆಗೆ ಹತ್ತಿಕೊಂಡಿರುವ ಗೋವಾವನ್ನು ಅವರು 1961ರ ತನಕ ಆಳಿದರು. ಆಗಿನ ಸರ್ವಾಧಿಕಾರಿ ಸಲಜಾರ್. ಆತನ ಸರ್ಕಾರ 1939ರ ನವೆಂಬರಿನಲ್ಲಿ 14ನೇ ನಂಬರಿನ ಸುತ್ತೋಲೆ ಹೊರಡಿಸಿತು: ದೇಶವಿಲ್ಲದವರು, ದೇಶದಿಂದ ಹೊರದಬ್ಬಿಸಿಕೊಂಡ ಯೆಹೂದ್ಯರು, ಇಂಥವರಿಗೆ ಲಿಸ್ಬನ್ನಿನ ಅಪ್ಪಣೆ ಇಲ್ಲದೆ ವೀಸಾ ಕೊಡಬಾರದು. ಫ್ರಾನ್ಸಿನ ಬೋರ್ಡೊ ಪಟ್ಟಣದಲ್ಲಿ ಅವರ ಕಾನ್ಸುಲ್ ಆಗಿದ್ದವರು ಅರಿಸ್ಟೈಡ್ಸ್ ಡಿ ಸೌಜಾ ಮೆಂಡೆಸ್. ಕಥೋಲಿಕ ಭಕ್ತರು, ಹದಿನಾಲ್ಕು ಮಕ್ಕಳ ತಂದೆ. ಅವರ ಜೀವನದಲ್ಲಿ ಎಲ್ಲವೂ ನೇರವಾಗಿತ್ತು ಅಂತ ನಾನು ಹೇಳೋದಿಲ್ಲ. ಮದುವೆಯ ಹೊರಗೂ ಒಂದು ಸಂಬಂಧ ಇತ್ತು, ಅದನ್ನು ಮುಚ್ಚಿಟ್ಟು ಸಾಕ್ಷಿ ಹೇಳೋದು ಬೇಡ. ದಾವೀದನನ್ನು ಉಪಯೋಗಿಸಿದ ದೇವರು ಆತ.

1940ರ ಜೂನ್. ಪ್ಯಾರಿಸ್ ಬಿದ್ದಿತ್ತು. ಲಕ್ಷಗಟ್ಟಲೆ ಜನ ದಕ್ಷಿಣಕ್ಕೆ ಓಡಿ ಬಂದು ಬೋರ್ಡೊ ಬೀದಿಗಳಲ್ಲಿ ಮಲಗಿದ್ದರು. ಮೆಂಡೆಸ್ ಅವರಿಗೆ ಹೈಮ್ ಕ್ರೂಗರ್ ಎಂಬ ಯೆಹೂದಿ ರಬ್ಬಿಯ ಪರಿಚಯ ಆಯಿತು. ಮೆಂಡೆಸ್ ಹೇಳಿದರು, ನಿನಗೂ ನಿನ್ನ ಹೆಂಡತಿ ಮಕ್ಕಳಿಗೂ ವೀಸಾ ಕೊಡ್ತೀನಿ. ರಬ್ಬಿ ಒಪ್ಪಲಿಲ್ಲ. ಹೊರಗೆ ನಿಂತ ನನ್ನ ಜನರಿಗೂ ಕೊಟ್ಟರೆ ತಗೋತೀನಿ, ನನಗೊಬ್ಬನಿಗೆ ಬೇಡ. ಪ್ರಿಯರೇ, ಇಲ್ಲಿ ಇಬ್ಬರು ಪರೀಕ್ಷೆಗೆ ನಿಂತಾರ, ಒಬ್ಬರಲ್ಲ. ತನ್ನ ಐದು ಮಕ್ಕಳ ಜೀವ ಕೈಗೆ ಬಂದಾಗ ಬೇಡ ಅಂದ ಆ ತಂದೆಯನ್ನು ನಾವು ಮರೆತು ಬಿಡ್ತೀವಿ. ನನಗಂತೂ ಈ ಕಥೆಯಲ್ಲಿ ಆ ರಬ್ಬಿಯೇ ದೊಡ್ಡವನಾಗಿ ಕಾಣ್ತಾನ.

ಮೆಂಡೆಸ್ ಹಾಸಿಗೆ ಹಿಡಿದರು. ಮೂರು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಜೂನ್ 17ಕ್ಕೆ ಎದ್ದು, ಕ್ಷೌರ ಮಾಡಿಕೊಂಡು, ಬಟ್ಟೆ ಹಾಕಿಕೊಂಡು ಬಾಗಿಲು ತೆಗೆದರು. ದೇಶ, ಜನಾಂಗ, ಧರ್ಮ ನೋಡೋದಿಲ್ಲ, ಬಂದವರಿಗೆಲ್ಲ ಕೊಡ್ತೀನಿ ಅಂದರು. ಮಗ ಕೂತ, ರಬ್ಬಿ ಕೂತ, ಪಾಸ್‌ಪೋರ್ಟ್ ಒಟ್ಟಿಕೊಂಡು ತರೋದು, ಸಹಿ ಮಾಡೋದು, ಸಿಕ್ಕಾ ಹೊಡೆಯೋದು. ದುಡ್ಡಿಲ್ಲದವರ ಫೀಸು ಬಿಟ್ಟರು. ಹೆಸರು ಪೂರ್ತಿ ಬರೆಯಲು ವೇಳೆ ಸಾಲದೆ ಮೆಂಡೆಸ್ ಅಂತಷ್ಟೇ ಬರೆದರು. ಎಷ್ಟು ಜನ ಉಳಿದರು? ವಾಟ್ಸಾಪಿನಲ್ಲಿ ಮೂವತ್ತು ಸಾವಿರ ಅಂತ ಬರ್ತದ. ಆ ಲೆಕ್ಕಕ್ಕೆ ಆಧಾರ ಗಟ್ಟಿ ಇಲ್ಲ. ಸಾವಿರಾರು ಅಂತ ಹೇಳಿದರೆ ಸಾಕು. ದೇವರ ಕೆಲಸಕ್ಕೆ ನಮ್ಮ ಬಣ್ಣ ಬೇಕಿಲ್ಲ, ಸಾಕ್ಷಿ ಹೇಳುವಾಗ ಅಂಕಿ ಏರಿಸುವ ರೂಢಿ ನಮ್ಮ ಸಭೆಗಳಲ್ಲೂ ಐತಿ.

ಈ ಮೂವರೇ ಅಲ್ಲ. ವಿಯೆನ್ನಾದಲ್ಲಿ ಚೀನಾದ ಕಾನ್ಸುಲ್ ಜನರಲ್ ಹೊ ಫೆಂಗ್‌ಶಾನ್ ತಮ್ಮ ರಾಯಭಾರಿಯ ಮಾತು ಮೀರಿ ಶಾಂಘೈ ವೀಸಾ ಕೊಟ್ಟರು. ಅವರು ಚಿಕ್ಕಂದಿನಲ್ಲೇ ತಂದೆಯನ್ನು ಕಳಕೊಂಡು ನಾರ್ವೆಯ ಮಿಷನರಿಗಳ ಆಸರೆಯಲ್ಲಿ ಓದಿ ಬೆಳೆದವರು. ಬುಡಾಪೆಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಲುಟ್ಸ್‌ಗೆ 8,000 ಜನರಿಗಷ್ಟೇ ರಕ್ಷಣಾಪತ್ರ ಕೊಡಲು ಒಪ್ಪಿಗೆ ಸಿಕ್ಕಿತ್ತು, ಅವರು ಅದನ್ನು 8,000 ಕುಟುಂಬ ಅಂತ ಓದಿಕೊಂಡರು. ಸೂಲಗಿತ್ತಿಯರಾದ ಶಿಪ್ರಾ, ಪೂಗಾ ಫರೋಹನಿಗೆ ಉತ್ತರ ಕೊಟ್ಟ ಹಾಗೇ! ವಿಮೋಚನಕಾಂಡ 1ನೇ ಅಧ್ಯಾಯ ಮನೆಗೆ ಹೋಗಿ ಓದ್ರಿ.

ಈಗ ನಮ್ಮ ಕಡೆಗೆ ಬರೋಣ. ಮದುವೆ ಬಟ್ಟೆ ತರಾಕ ನೀವು ಎಲ್ಲಿಗೆ ಹೋಗ್ತೀರಿ? ಕೊಲ್ಹಾಪುರ ಹತ್ತಿರ ಗಾಂಧಿನಗರ. ಮಿರಜದಿಂದ ರೈಲು ಹತ್ತಿದ್ರೆ ರುಕಡಿ ಆದಮೇಲೆ ವಳಿವಡೆ ಅಂತ ಸಣ್ಣ ಸ್ಟೇಷನ್ ಬರ್ತದ. 1943ರಿಂದ 1948ರ ತನಕ ಅಲ್ಲಿ, ಪಂಚಗಂಗಾ ನದಿ ಹತ್ರ, ಸುಮಾರು ಐದು ಸಾವಿರ ಪೋಲಿಷ್ ಜನ ಇದ್ದರು. ಬಹುತೇಕ ಹೆಂಗಸರು, ಮಕ್ಕಳು. ಹೆಚ್ಚಿನವರು ಯೆಹೂದ್ಯರಲ್ಲ, ಕಥೋಲಿಕರು. ಆದರೆ ಕೌನಾಸಿನ ಗೇಟಿನ ಮುಂದೆ ನಿಂತವರು ಓಡಿ ಬಂದದ್ದು ಯಾವ ದೇಶದಿಂದಲೋ ಇವರೂ ಅದೇ ದೇಶದವರು. 1939ರಲ್ಲಿ ಪೋಲೆಂಡನ್ನು ಪಶ್ಚಿಮದಿಂದ ಹಿಟ್ಲರ್, ಪೂರ್ವದಿಂದ ಸ್ಟಾಲಿನ್ ಹರಿದು ಹಂಚಿಕೊಂಡರು. ಪೂರ್ವದವರನ್ನು ಸೋವಿಯತ್ ಸರ್ಕಾರ ದನದ ಬೋಗಿಗಳಲ್ಲಿ ತುಂಬಿ ಸೈಬೀರಿಯಾದ ಕಡೆ ಒಯ್ದಿತು. 1941ರಲ್ಲಿ ಬಿಡುಗಡೆ ಸಿಕ್ಕಾಗ ಹಸಿವು, ಜ್ವರದಲ್ಲಿ ಬೆಂದ ಮಕ್ಕಳು ಇರಾನ್ ದಾಟಿ ಬಂದರು. ಅವರನ್ನು ಯಾರು ತಗೋಬೇಕು? ಆಗ ಮುಂಬಯಿಯಲ್ಲಿ ಪೋಲೆಂಡಿನ ಕಾನ್ಸುಲ್ ಜನರಲ್ ಆಗಿದ್ದವರು ಯೂಜೆನಿಯುಷ್ ಬನಾಶಿನ್‌ಸ್ಕಿ, ಅವರ ಹೆಂಡತಿ ಕಿರಾ ಪೋಲಿಷ್ ರೆಡ್ ಕ್ರಾಸಿನ ಪ್ರತಿನಿಧಿ. ಗಂಡ ಹೆಂಡತಿ ಬಾಗಿಲು ಬಾಗಿಲು ತಟ್ಟಿದರು. ಗುಜರಾತಿನ ನವಾನಗರದ ಜಾಮ್‌ಸಾಹೇಬ್ ದಿಗ್ವಿಜಯಸಿಂಹಜಿ 1942ರಲ್ಲಿ ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ಜಾಗ ಕೊಟ್ಟರು. ಮರುವರ್ಷ ಕೊಲ್ಹಾಪುರ ಸಂಸ್ಥಾನದ ವಳಿವಡೆಯಲ್ಲಿ ಕ್ಯಾಂಪ್ ಎದ್ದಿತು. ಶಾಲೆ, ಆಸ್ಪತ್ರೆ, ಪ್ರಾರ್ಥನಾಲಯ, ಎಲ್ಲ ಇದ್ದ ಒಂದು ಸಣ್ಣ ಪೋಲೆಂಡ್. 1945ರಲ್ಲಿ ಬ್ರಿಟನ್ ವಾರ್ಸಾದ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಬನಾಶಿನ್‌ಸ್ಕಿ ಯಾವ ಸರ್ಕಾರದ ಪರವಾಗಿ ಕೂತಿದ್ದರೋ ಆ ಸರ್ಕಾರವೇ ಲೆಕ್ಕಕ್ಕಿಲ್ಲದಂತಾಯಿತು, ಕುರ್ಚಿ ಹೋಯಿತು. ಕ್ಯಾಂಪಿನವರು ಖಾಲಿ ಮಾಡಿದ ಮೇಲೆ ಅದೇ ಬ್ಯಾರಕ್‌ಗಳಿಗೆ ದೇಶ ವಿಭಜನೆಯಲ್ಲಿ ಮನೆ ಕಳಕೊಂಡ ಸಿಂಧಿಗಳು ಬಂದರು. ನೀವು ಸೀರೆ ಆರಿಸ್ತೀರಲ್ಲ, ಆ ಅಂಗಡಿಗಳು ಅವರವೇ. ಕೊಲ್ಹಾಪುರದ ಮಹಾವೀರ ಗಾರ್ಡನ್‌ನಲ್ಲಿ ಪೋಲಿಷರು ನಿಲ್ಲಿಸಿದ ಸ್ಮಾರಕ ಐತಿ. ಮುಂದಿನ ಸಲ ಹೋದಾಗ ಮಕ್ಕಳಿಗೆ ತೋರಿಸ್ರಿ.

ನಮ್ಮ ಮೈಸೂರು ಸಂಸ್ಥಾನದಲ್ಲೂ ಇಂಥಾ ಒಂದು ಬಾಗಿಲು ತೆರೆದಿತ್ತು. ಯೆಹೂದಿ ಮೂಲದವನು ಅಂತ ಜರ್ಮನಿಯಲ್ಲಿ ಕೆಲಸ ಕಳಕೊಂಡ ಒಟ್ಟೊ ಕ್ಯೋನಿಗ್ಸ್‌ಬರ್ಗರ್ ಅವರನ್ನು 1939ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಬೆಂಗಳೂರಿಗೆ ಕರೆದು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿ ಮಾಡಿದರು. ಒಂದು ನೇಮಕಾತಿ ಪತ್ರ, ಒಂದು ಸಹಿ.

ಈಗ ಆ ಸಹೋದರರ ಪ್ರಶ್ನೆ. ಮೇಲಿನವರ ಮಾತು ಮೀರಬಹುದೇ? ಇಲ್ಲಿ ನಾನು ಹುಷಾರಾಗಿ ಮಾತಾಡಬೇಕು. ಯಾಕಂದ್ರೆ ನಮ್ಮ ಕಡೆ ರೂಲ್ಸ್ ಮುರಿಯೋದು ಹೊಸದಲ್ಲ. ದಿನಾ ಮುರೀತಾರ, ದುಡ್ಡು ತಗೊಂಡು ಮುರೀತಾರ. ಅವರೂ ನಾಳೆ ಬಂದು, ಪಾಸ್ಟರ್ ಹೇಳ್ಯಾರ, ಸುಗಿಹಾರನೂ ಮುರಿದಿದ್ದ ಅಂದ್ರ? ಅದಕ್ಕೆ ಒಂದೇ ಗುರುತು ಹೇಳ್ತೀನಿ. ನಿಯಮ ಮುರಿದವನ ಕಿಸೆ ನೋಡ್ರಿ. ಮುರಿದ ಮೇಲೆ ಕಿಸೆ ತುಂಬಿತೋ, ಖಾಲಿ ಆಯಿತೋ? ಮೆಂಡೆಸ್ ಫೀಸನ್ನೂ ಬಿಟ್ಟರು. ಓಬದ್ಯ ನೂರು ಮಂದಿಗೆ ಅನ್ನ ಹಾಕಿದ, ಅವರಿಂದ ಏನೂ ತಗೊಳ್ಳಲಿಲ್ಲ. ತನ್ನ ತಲೆ ಹೋಗಬಹುದು ಅಂತ ಗೊತ್ತಿದ್ದು ಮಾಡಿದ. ಒಂಬತ್ತನೇ ವಚನದಿಂದ ಓದ್ರಿ, ಎಲೀಯನ ಮುಂದೆ ಅವನು ಹೆಂಗ ನಡುಗ್ತಾನ. ಹೆದರಿಕೆ ಇಲ್ಲದ ಮನುಷ್ಯ ಅಲ್ಲ ಅವನು. ರೋಮಾಪುರ 13 ಬರೆದ ಅದೇ ಪೌಲ ಸೆರೆಮನೆಯಲ್ಲಿ ಕೂತು ಪತ್ರ ಬರೆದ. ಅಧಿಕಾರಿಗೆ ಅಧೀನನಾಗಿರೋದು ಅಂದ್ರೆ ಅವನು ಕೊಡುವ ಶಿಕ್ಷೆಗೂ ಮೈ ಒಡ್ಡೋದು. ಈ ಕಾನ್ಸುಲರು ಹಾಗೇ ಮಾಡಿದರು. ಓಡಿ ಹೋಗಲಿಲ್ಲ.

ಅವರಿಗೆ ಏನು ಸಿಕ್ಕಿತು? ಇದನ್ನು ಹೇಳದೆ ಹೋದರೆ ನಾನು ನಿಮಗೆ ಅರ್ಧ ಸುವಾರ್ತೆ ಕೊಟ್ಟಂಗ. ಮೆಂಡೆಸ್ ಅವರನ್ನು ಜೂನ್ ಮುಗಿಯುವುದರೊಳಗೇ ಲಿಸ್ಬನ್ನಿಗೆ ಕರೆಸಿದರು. ವಿಚಾರಣೆ ಆಯಿತು, ಅರ್ಧ ಸಂಬಳ, ಆಮೇಲೆ ಕಡ್ಡಾಯ ನಿವೃತ್ತಿ. ಆ ದೊಡ್ಡ ಕುಟುಂಬ ಲಿಸ್ಬನ್ನಿನಲ್ಲಿ ಯೆಹೂದ್ಯರು ನಿರಾಶ್ರಿತರಿಗಾಗಿ ನಡೆಸುತ್ತಿದ್ದ ಊಟದ ಮನೆಯಲ್ಲಿ ಉಂಡಿತು. ಊರಿನ ದೊಡ್ಡ ಮನೆ ಸಾಲಕ್ಕೆ ಹೋಯಿತು. 1954ರ ಏಪ್ರಿಲ್ 3ಕ್ಕೆ ಬಡತನದಲ್ಲಿ ತೀರಿಕೊಂಡರು. ಅವರ ದೇಶದ ಪಾರ್ಲಿಮೆಂಟ್ ಅವರ ಮೇಲಿನ ಆರೋಪ ಅಳಿಸಿದ್ದು 1988ರಲ್ಲಿ. ಸುಗಿಹಾರ 1947ರಲ್ಲಿ ಜಪಾನಿಗೆ ಮರಳಿದಾಗ ರಾಜೀನಾಮೆ ಕೇಳಿದರು. ಸಿಕ್ಕ ಸಿಕ್ಕ ಕೆಲಸ ಮಾಡಿ ಬದುಕಿದರು. ತಾನು ಕೊಟ್ಟ ಕಾಗದದಿಂದ ಯಾರಾದರೂ ಉಳಿದರೋ ಇಲ್ಲವೋ ಅಂತ ಅವರಿಗೆ ಗೊತ್ತಾದದ್ದು 1968ರಲ್ಲಿ, ಅವರ ವೀಸಾದಿಂದ ಬದುಕಿದ ಒಬ್ಬರು ಹುಡುಕಿಕೊಂಡು ಬಂದಾಗ. ಇಪ್ಪತ್ತೆಂಟು ವರ್ಷ, ಪ್ರಿಯರೇ! ಯೆರೂಸಲೇಮಿನ ಯಾದ್ ವಾಶೆಮ್ ಸಂಸ್ಥೆ 1984ರಲ್ಲಿ ಅವರನ್ನು ಜನಾಂಗಗಳೊಳಗಿನ ನೀತಿವಂತರು ಅಂತ ಗೌರವಿಸಿತು, ಎರಡು ವರ್ಷಕ್ಕೆ ತೀರಿಕೊಂಡರು. ಜ್ವಾರ್ಟೆಂಡೈಕ್ 1976ರಲ್ಲೇ ಸತ್ತಿದ್ದರು, ಅವರಿಗೆ ಆ ಗೌರವ ಬಂದದ್ದು 1997ರಲ್ಲಿ.

ದೇವರಿಗೆ ಭಯಪಟ್ಟು ನಡೆದರೆ ಪ್ರಮೋಷನ್ ಬರ್ತದ, ಮನೆ ಆಗ್ತದ, ಗಾಡಿ ಆಗ್ತದ ಅಂತ ಸಾರುವವರು ಬಹಳ ಮಂದಿ ಇದ್ದಾರ. ಅವರು ಮೆಂಡೆಸ್ ಅವರ ಹನ್ನೆರಡನೇ ಮಗನಿಗೋ ಹದಿಮೂರನೇ ಮಗಳಿಗೋ ಅದನ್ನು ಹೇಳಲಿ ನೋಡೋಣ. ನಾನು ಆ ಮಾತು ಈ ವೇದಿಕೆಯಿಂದ ಹೇಳೋದಿಲ್ಲ.

ನಿಮ್ಮಲ್ಲಿ ಹೆಚ್ಚಿನವರಿಗೆ ಸುಗಿಹಾರನಷ್ಟು ಕಷ್ಟ ದೇವರು ಕೊಟ್ಟಿಲ್ಲ. ನಮ್ಮ ಕಡೆ ಬಹಳ ಸಲ ಕಾನೂನು ಬಡವನ ಪರವಾಗೇ ಐತಿ, ಮುರಿಯುವ ಪ್ರಶ್ನೆಯೇ ಇಲ್ಲ, ಫೈಲು ಸರಿಸಿದರೆ ಸಾಕು. ವಿಧವಾ ಪಿಂಚಣಿ ಅರ್ಜಿ ಐತಿ. ಆಧಾರ್‌ನಲ್ಲಿ ಒಂದಕ್ಷರ ತಪ್ಪಾಗಿ ರೇಷನ್ ನಿಂತ ಮುದುಕಿ ಐತಿ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಜುಗೂಳ, ಮಂಗಾವತಿ ಕಡೆ ಮನೆಯೊಳಗೆ ನೀರು ಬಂತಲ್ಲ, ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ಬರೆದುಕೊಂಡು ಹೋದರಲ್ಲ, ಒಂದು ಅಕ್ಷರದ ಮೇಲೆ ಒಂದು ಮನೆ ನಿಂತಿತ್ತು. ಆ ಪಟ್ಟಿ ಬರೆದವರ ಕೈಯಲ್ಲಿ ಇದ್ದದ್ದೂ ಅದೇ, ಕೌನಾಸಿನ ಮೇಜಿನ ಮೇಲೆ ಇದ್ದದ್ದೂ ಅದೇ. ನಾಳೆ ಬಾ, ಸರ್ವರ್ ಇಲ್ಲ, ಸಾಹೇಬ್ರು ಮೀಟಿಂಗ್‌ನಾಗ ಅದಾರ ಅನ್ನುವ ಮೊದಲು ಎದುರಿಗೆ ನಿಂತವರ ಮುಖ ಒಮ್ಮೆ ನೋಡ್ರಿ. ಅವರು ನಮ್ಮ ಸಭೆಯವರೇ ಆಗಬೇಕಂತಿಲ್ಲ. ಮೆಂಡೆಸ್ ಮುಂದೆ ನಿಂತವರೆಲ್ಲ ಕಥೋಲಿಕರಾಗಿರಲಿಲ್ಲ.

ನಮ್ಮಲ್ಲಿ ಪಂಚಾಯತಿ, ತಹಶೀಲ್ದಾರ್ ಕಚೇರಿ, ಸೊಸೈಟಿ, ಬ್ಯಾಂಕು, ಶಾಲೆ, ದವಾಖಾನೆ, ಸಕ್ಕರೆ ಕಾರ್ಖಾನೆ, ಎಲ್ಲಿ ಸಹಿ ಮಾಡುವ ಕೆಲಸ ಇದ್ದವರೆಲ್ಲ ಈಗ ಮುಂದೆ ಬರ್ರಿ. ಅವರ ಹೆಂಡಂದಿರೂ ಬರ್ರಿ, ಯುಕಿಕೊ ಹಾಗೆ. ಸಭೆ ಕೈ ಚಾಚಿ ಇವರಿಗಾಗಿ ಪ್ರಾರ್ಥಿಸಲಿ. ಬುಧವಾರದ ಉಪವಾಸ ಪ್ರಾರ್ಥನೆಗೆ ಯೆರೆಮೀಯ 38ನೇ ಅಧ್ಯಾಯ ಓದಿಕೊಂಡು ಬರ್ರಿ. ಅದೂ ಅರಮನೆಯ ಇನ್ನೊಬ್ಬ ನೌಕರನ ಕಥೆ, ಕೆಸರಿನ ಬಾವಿಯಿಂದ ಪ್ರವಾದಿಯನ್ನು ಮೇಲೆತ್ತುವಾಗ ಹಗ್ಗ ಉಜ್ಜಿ ಗಾಯ ಆಗಬಾರದು ಅಂತ ಕಂಕುಳಿಗೆ ಹಳೆ ಬಟ್ಟೆ ಇಳಿಸಿದವನು. ಕಣ್ಣು ಮುಚ್ಚೋಣ.